ಪೊರಕೆ ಯಾರ ಕೈಯಲ್ಲಿದೆ?

ಶಿಕ್ಷಕರ ತರಬೇತಿಯಲ್ಲಿ 'ಮೌಲ್ಯ ಶಿಕ್ಷಣ'ದ ಅವಧಿ ಯಾವಾಗಲೂ ಊಟ ಆದಮೇಲೆ ಬರುತ್ತದೆ. ಗಣಿತ, ಇಂಗ್ಲಿಷ್ ಬೆಳಿಗ್ಗೆ. ಮೌಲ್ಯ ಮಧ್ಯಾಹ್ನ ಎರಡು ಗಂಟೆಗೆ, ಅರ್ಧ ಜನ ತೂಕಡಿಸುವ ಹೊತ್ತಿಗೆ. ಟೈಂಟೇಬಲ್ ಹಾಕುವವರಿಗೂ ಗೊತ್ತು, ಇದರಲ್ಲಿ ಯಾರೂ ಫೇಲಾಗುವುದಿಲ್ಲ ಅಂತ.

ನಾನು 19 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಈಗ ಕೆಲವು ವರ್ಷಗಳಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ. ಆ ಎರಡು ಗಂಟೆಯ ಅವಧಿ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ನಿದ್ದೆ ಓಡಿಸಲು ಒಂದು ವಿಡಿಯೊ ಇಟ್ಟುಕೊಂಡಿದ್ದೇನೆ. ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರುತ್ತದೆ: ಜಪಾನಿನ ಪ್ರಾಥಮಿಕ ಶಾಲೆ, ಬಿಳಿ ಟೋಪಿ ಹಾಕಿಕೊಂಡ ಪುಟಾಣಿಗಳು ತಾವೇ ಊಟ ಬಡಿಸುತ್ತಾರೆ. ಆಮೇಲೆ ಒದ್ದೆ ಬಟ್ಟೆ ಹಿಡಿದು, ಬಗ್ಗಿಕೊಂಡು, ಉದ್ದನೆಯ ಕಾರಿಡಾರನ್ನು ಓಡೋಡುತ್ತಾ ಒರೆಸುತ್ತಾರೆ.

ಹೋದ ವರ್ಷ ವಿಡಿಯೊ ಮುಗಿದಾಗ ಮುಂದಿನ ಸಾಲಿನ ಹಿರಿಯ ಮೇಷ್ಟ್ರೊಬ್ಬರು, "ಇದನ್ನ ನಮ್ಮಲ್ಲೂ ಮಾಡಿಸಬೇಕು ಮೇಡಂ, ಆಗ ಮಕ್ಕಳಿಗೆ ಸಂಸ್ಕಾರ ಬರುತ್ತೆ" ಅಂದರು. ಹಿಂದಿನ ಸಾಲಿನಿಂದ ಹೊಸದಾಗಿ ಸೇರಿದ ಟೀಚರ್ ಒಬ್ಬಳ ದನಿ ಬಂತು: "ನಮ್ಮಲ್ಲಿ ಮಾಡಿಸ್ತಾನೇ ಇದೀವಲ್ಲ ಸರ್. ಹೆಣ್ಣುಮಕ್ಕಳು ಗುಡಿಸ್ತಾರೆ, ರಂಗೋಲಿ ಹಾಕ್ತಾರೆ. ಗಂಡುಮಕ್ಕಳು ಗಂಟೆ ಹೊಡೀತಾರೆ."

ಎಲ್ಲರೂ ನಕ್ಕರು. ಆಮೇಲೆ ಯಾರೂ ಮಾತಾಡಲಿಲ್ಲ. ನನಗಂತೂ ಅವತ್ತು ತಯಾರಿ ಮಾಡಿಕೊಂಡು ಹೋದದ್ದೆಲ್ಲ ಮರೆತೇಹೋಯಿತು.

ಜಪಾನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ವಿಡಿಯೊದಲ್ಲಿ ಕಾಣದ್ದೇ ಜಾಸ್ತಿ. ಅಲ್ಲಿನ ಶಾಲೆಗಳಲ್ಲೂ ನೌಕರರು ಇರುತ್ತಾರೆ. ಆದರೆ ತರಗತಿ, ಕಾರಿಡಾರ್, ಮೆಟ್ಟಿಲು ಮಕ್ಕಳ ಪಾಲಿನವು. ಗುಂಪುಗಳಿಗೆ ಸರದಿ ಹಾಕಿರುತ್ತಾರೆ, ಸರದಿಯ ಪಟ್ಟಿ ಗೋಡೆಯ ಮೇಲಿರುತ್ತದೆ. ಹುಡುಗ, ಹುಡುಗಿ, ಜಾಣ, ದಡ್ಡ ಅಂತ ಯಾವ ಲೆಕ್ಕವೂ ಇಲ್ಲ. ಅದಕ್ಕೆ ಅಂಕವಿಲ್ಲ, ಅದರ ಮೇಲೆ ಪರೀಕ್ಷೆ ಇಲ್ಲ. ಊಟ ಬಡಿಸುವುದು, ತರಗತಿಯ ಸಭೆ, ಕ್ರೀಡಾಕೂಟದ ತಯಾರಿ ಎಲ್ಲ ಸೇರಿ ಅದನ್ನು 'ತೊಕ್ಕಾತ್ಸು' ಅನ್ನುತ್ತಾರೆ. 'ವಿಶೇಷ ಚಟುವಟಿಕೆ' ಅಂತ ಅರ್ಥ.

ನೀತಿ ಪಾಠವೇ ಬೇರೆ. ಅದರ ಹೆಸರು 'ದೋತೊಕು'. ಅದರ ಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲ. ಯುದ್ಧಕ್ಕೆ ಮೊದಲು 'ಶೂಶಿನ್' ಎಂಬ ನೀತಿ ವಿಷಯಕ್ಕೆ ಶಾಲೆಯಲ್ಲಿ ಮೊದಲ ಸ್ಥಾನವಿತ್ತು. ಚಕ್ರವರ್ತಿಗೆ ನಿಷ್ಠೆ, ದೇಶಕ್ಕಾಗಿ ಪ್ರಾಣತ್ಯಾಗ, ಇವೇ ಅದರ ಜೀವಾಳ. ಸೋತ ಮೇಲೆ, 1945ರ ಡಿಸೆಂಬರಿನಲ್ಲಿ, ಅಮೆರಿಕದ ಆಡಳಿತ ಅದನ್ನು ನಿಲ್ಲಿಸಿತು. 1958ರಲ್ಲಿ ವಾರಕ್ಕೊಂದು ಗಂಟೆಯ ದೋತೊಕು ಶುರುವಾಯಿತು. ಬಹಳ ಕಾಲ ಅದು ನಮ್ಮ ನೀತಿ ಪಾಠದ ಹಾಗೇ ಇತ್ತು. ಗಣಿತದ ಪಾಠ ಹಿಂದುಳಿದರೆ ಆ ಗಂಟೆ ಗಣಿತಕ್ಕೆ ಹೋಗುತ್ತಿತ್ತು. 2011ರಲ್ಲಿ ಓತ್ಸು ಎಂಬ ಊರಿನಲ್ಲಿ ಸಹಪಾಠಿಗಳ ಕಾಟ ತಾಳಲಾರದೆ ಹುಡುಗನೊಬ್ಬ ಜೀವ ಕಳೆದುಕೊಂಡ. ದೇಶವೇ ಅಲುಗಾಡಿತು. ಕೊನೆಗೆ ಪ್ರಾಥಮಿಕ ಶಾಲೆಯಲ್ಲಿ 2018ರಿಂದ, ಮುಂದಿನ ಹಂತದಲ್ಲಿ 2019ರಿಂದ ದೋತೊಕು ಪಠ್ಯಪುಸ್ತಕವಿರುವ ಪೂರ್ಣ ವಿಷಯವಾಯಿತು. ಒಂದು, ಎರಡನೇ ತರಗತಿಗೆ 19 ಮೌಲ್ಯಗಳು, ಐದು-ಆರಕ್ಕೆ ಬರುವಾಗ 22.

ಪಠ್ಯಪುಸ್ತಕ ಬಂದ ಮೇಲೆ ಪರಿಶೀಲನೆಯೂ ಬಂತು. ಒಂದನೇ ತರಗತಿಯ ಪುಸ್ತಕವೊಂದರಲ್ಲಿ ಮಗು ಅಡ್ಡಾಡುವಾಗ ಬ್ರೆಡ್ ಅಂಗಡಿ ನೋಡುವ ಕತೆ ಇತ್ತು. ಸಂಪ್ರದಾಯ, ನಾಡಿನ ಮೇಲಿನ ಪ್ರೀತಿ ಪುಸ್ತಕದಲ್ಲಿ ಸಾಲದು ಅಂತ 2017ರಲ್ಲಿ ಸಚಿವಾಲಯ ಹೇಳಿತು. ಪ್ರಕಾಶಕರು ಬ್ರೆಡ್ ಅಂಗಡಿ ತೆಗೆದು ಜಪಾನಿ ಸಿಹಿತಿಂಡಿಯ ಅಂಗಡಿ ಹಾಕಿದರು. ಅಯ್ಯಂಗಾರ್ ಬೇಕರಿ ಅಳಿಸಿ ಕಜ್ಜಾಯದ ಅಂಗಡಿ ಬರೆದರೆ ಮಕ್ಕಳಿಗೆ ನಾಡಪ್ರೇಮ ಉಕ್ಕುತ್ತದೆ ಅಂದಂಗಾಯ್ತು. ಬೇಕರಿಯವರಿಗೆ ಸಿಟ್ಟು ಬಂತು, ಬರಬೇಕಾದ್ದೇ.

ಹಾಗಂತ ಪಾಠವೆಲ್ಲ ಟೊಳ್ಳು ಅನ್ನಲಾರೆ. ಅಲ್ಲಿ ಬಹಳ ವರ್ಷಗಳಿಂದ ಓದಿಸುವ ಬೇಸ್‌ಬಾಲ್ ಕತೆಯೊಂದಿದೆ. ಅದನ್ನು ನಾನು ಕ್ರಿಕೆಟ್ಟಿಗೆ ಬದಲಿಸಿಕೊಂಡು ಹೇಳುತ್ತೇನೆ. ಕೋಚು ಹುಡುಗನಿಗೆ, ನೀನು ಹೊಡೆಯಬೇಡ, ಸುಮ್ನೆ ತಟ್ಟಿ ಒಂದು ರನ್ ಓಡು ಅಂತ ಸನ್ನೆ ಮಾಡಿದ್ದಾರೆ. ಹುಡುಗನಿಗೆ ತಡೆಯಲಾಗಲಿಲ್ಲ, ಬೀಸಿದ. ಚೆಂಡು ಬೌಂಡರಿ ದಾಟಿತು, ತಂಡ ಗೆದ್ದಿತು. ಮರುದಿನ ಕೋಚು ಅವನನ್ನು ಮುಂದಿನ ಪಂದ್ಯದಿಂದ ಕೈಬಿಟ್ಟರು. ಸರಿಯಾ, ತಪ್ಪಾ? ಆ ಎರಡು ಗಂಟೆಯ ಅವಧಿಯಲ್ಲಿ ಒಬ್ಬರೂ ತೂಕಡಿಸಲಿಲ್ಲ. ಶಿಸ್ತಿಗೆ ಹೆಸರಾದ ಪಿಇಟಿ ಮೇಷ್ಟ್ರು ಹುಡುಗನ ಪರ ನಿಂತರು. ಯಾವಾಗಲೂ ಮೃದುವಾಗಿ ಮಾತಾಡುವ ಕನ್ನಡ ಮೇಡಂ ಕೋಚಿನ ಪರ. ಬಹಳ ವರ್ಷ ಜಪಾನಿನಲ್ಲಿ ಇದನ್ನು ನಿಯಮ ಮೀರಬಾರದು ಎಂಬ ಒಂದೇ ಉತ್ತರಕ್ಕೆ ತಂದು ನಿಲ್ಲಿಸುತ್ತಿದ್ದರು. ಹೊಸ ದೋತೊಕುವಿನ ಘೋಷಣೆ 'ಯೋಚಿಸುವ, ಚರ್ಚಿಸುವ' ಪಾಠ ಅಂತ. ಮೇಷ್ಟ್ರ ಜೇಬಿನಲ್ಲಿ ಉತ್ತರ ಮೊದಲೇ ಇದ್ದರೆ ಮಕ್ಕಳು ಅದನ್ನು ಎರಡೇ ನಿಮಿಷದಲ್ಲಿ ವಾಸನೆ ಹಿಡಿಯುತ್ತಾರೆ.

ದೋತೊಕುವಿಗೆ ಅಂಕ ಕೊಡುವುದಿಲ್ಲ. ಮೇಷ್ಟ್ರು ಪ್ರತಿ ಮಗುವಿನ ಬಗ್ಗೆ ಮಾತಿನಲ್ಲಿ ಬರೆಯಬೇಕು, ಪ್ರವೇಶ ಪರೀಕ್ಷೆಗೆ ಅದನ್ನು ಬಳಸುವಂತಿಲ್ಲ. ಇದನ್ನು ಓದಿದಾಗ ನನಗೆ ನನ್ನದೇ ಪಾಪ ನೆನಪಾಯಿತು. ನಮ್ಮಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗ ಮೌಲ್ಯ, ಮನೋಭಾವಗಳಿಗೂ ಶ್ರೇಣಿ ತುಂಬಬೇಕಿತ್ತು. 58 ಮಕ್ಕಳ ತರಗತಿ. ನಾಳೆ ಬೆಳಿಗ್ಗೆ ರಿಜಿಸ್ಟರ್ ಕೊಡಬೇಕು. ರಾತ್ರಿ ಹತ್ತೂವರೆಗೆ, ಅನ್ನಕ್ಕೆ ಇಟ್ಟು ಬಂದು, ಮೇಲಿನಿಂದ ಕೆಳಗೆ ಎಲ್ಲರಿಗೂ 'ಎ' ಹಾಕಿದೆ. ಎಲ್ಲರಿಗೂ ಒಂದೇ ಇದ್ದರೆ ಅನುಮಾನ ಬರುತ್ತದೆ ಅಂತ ನಡುನಡುವೆ ನಾಲ್ಕು 'ಬಿ' ಸೇರಿಸಿದೆ. ಪ್ರಾಮಾಣಿಕತೆಯ ಕಾಲಂ ಕೂಡ ಅದರಲ್ಲೇ ಇತ್ತು. ಆ ನಾಲ್ಕು ಮಕ್ಕಳು ಯಾರು ಅಂತ ಇವತ್ತಿಗೂ ನೆನಪಿಲ್ಲ.

ದಕ್ಷಿಣ ಕೊರಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರ ಏಪ್ರಿಲ್‌ನಲ್ಲಿ ಸೆವೋಲ್ ಎಂಬ ಹಡಗು ಮುಳುಗಿ 304 ಜನ ಸತ್ತರು. ಅವರಲ್ಲಿ 250 ಮಂದಿ ಪ್ರವಾಸಕ್ಕೆ ಹೊರಟಿದ್ದ ಒಂದೇ ಹೈಸ್ಕೂಲಿನ ಮಕ್ಕಳು. ಕಾಸಿಗಾಗಿ ಹಡಗಿಗೆ ಮಿತಿಮೀರಿ ಸರಕು ತುಂಬಿದ್ದರು. ಕ್ಯಾಪ್ಟನ್ ಪ್ರಯಾಣಿಕರನ್ನು ಬಿಟ್ಟು ಮೊದಲೇ ಇಳಿದುಹೋದ. ದೇಶಕ್ಕೆ ನೀತಿಯೇ ತಪ್ಪಿಹೋಗಿದೆ ಎಂಬ ಕೂಗೆದ್ದಿತು. ಅದೇ ಡಿಸೆಂಬರಿನಲ್ಲಿ ಗುಣಶಿಕ್ಷಣಕ್ಕೆಂದೇ ಒಂದು ಕಾಯ್ದೆ ಪಾಸಾಯಿತು, 2015ರ ಜುಲೈಯಲ್ಲಿ ಜಾರಿಗೆ ಬಂತು. ಅದರಲ್ಲಿ ಎಂಟು ಗುಣಗಳು: ವಿನಯ, ತಂದೆತಾಯಿಯ ಸೇವೆ, ಪ್ರಾಮಾಣಿಕತೆ, ಹೊಣೆ, ಗೌರವ, ಕಾಳಜಿ, ಸಂವಾದ, ಸಹಕಾರ. ಕಾಲೇಜು ಪ್ರವೇಶದಲ್ಲೂ ಇದು ಲೆಕ್ಕಕ್ಕೆ ಬರಬಹುದು ಎಂಬ ಸುದ್ದಿ ಹಬ್ಬಿತು. ಅಷ್ಟೇ ಸಾಕಾಯಿತು. ಗಣಿತ, ಇಂಗ್ಲಿಷಿನ ಟ್ಯೂಷನ್‌ಗೆ ಹೆಸರಾದ ನಾಡಿನಲ್ಲಿ ಗುಣಕ್ಕೂ ಟ್ಯೂಷನ್ ಶುರುವಾಯಿತು, ಸರ್ಟಿಫಿಕೇಟ್ ಕೂಡ.

ಇದಕ್ಕೆ ನಗು ಬರುತ್ತದೆ. ಆದರೆ ಆ ದುರಂತದಲ್ಲಿ ನನ್ನನ್ನು ಕಾಡುವ ವಿಷಯ ಬೇರೆ. ಹಡಗು ವಾಲುತ್ತಿದ್ದಾಗ, ಇದ್ದಲ್ಲೇ ಇರಿ, ಅಲುಗಾಡಬೇಡಿ ಅಂತ ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಹೇಳಿದರು. ಎಷ್ಟೋ ಮಕ್ಕಳು ಹೇಳಿದ ಮಾತು ಕೇಳಿದರು.

ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ದಿನವೂ ಕರಿಹಲಗೆಯ ಮೂಲೆಯಲ್ಲಿ ಒಂದು ನುಡಿಮುತ್ತು ಬರೆಯುವ ಪದ್ಧತಿ ಇತ್ತು. ಒಂದು ಸೋಮವಾರ ನಾನೇ ಬರೆದೆ, 'ಹಿರಿಯರ ಮಾತು ಮೀರಬೇಡ' ಅಂತ. ಅದೇ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಗಿದೆ ಅಂತ ತಿಳಿಯಿತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ತಿಳಿಸಿದವಳು ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ. ಆ ಮಗು ಎರಡು ಮನೆಯ ಹಿರಿಯರ ಮಾತನ್ನೂ ಮೀರಿತು, ಮದುವೆ ನಿಂತಿತು. ಶುಕ್ರವಾರ ಮತ್ತೆ ಹಲಗೆ ಬರೆಯುವ ಸರದಿ ನನ್ನದು. ಚಾಕ್‌ಪೀಸ್ ಹಿಡಿದು ಸ್ವಲ್ಪ ಹೊತ್ತು ನಿಂತೆ. ತಾರೀಕು, ಹಾಜರಾತಿ ಬರೆದು ಕೆಳಗಿಟ್ಟೆ.

ಗುಣ ಅನ್ನುವುದು ಮಗುವಿನ ಒಳಗೆ ಒಂದೇ ಗಟ್ಟಿಯಾಗಿ ಕೂತಿರುತ್ತದೆ ಅಂತ ನಾವು ನಂಬಿದ್ದೇವೆ. ಅಮೆರಿಕದಲ್ಲಿ 1920ರ ದಶಕದಲ್ಲೇ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಇದನ್ನು ಪರೀಕ್ಷೆಗೆ ಒಡ್ಡಿದರು. ಸುಮಾರು 11 ಸಾವಿರ ಮಕ್ಕಳು. ಒಂದು ಉಪಾಯ ಹೀಗಿತ್ತು: ಟೆಸ್ಟ್ ಬರೆಸಿ, ಹಾಳೆಗಳನ್ನು ಗುಟ್ಟಾಗಿ ನಕಲು ಮಾಡಿಟ್ಟುಕೊಂಡು, ಮರಳಿ ಮಕ್ಕಳ ಕೈಗೇ ಕೊಟ್ಟು, ನೀವೇ ಅಂಕ ಹಾಕಿಕೊಳ್ಳಿ ಅನ್ನುವುದು. ಯಾರು ತಿದ್ದಿದರು ಅಂತ ಸಲೀಸಾಗಿ ಸಿಕ್ಕಿಬೀಳುತ್ತದೆ. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡಲಿಲ್ಲ, ಇಲ್ಲಿ ಮಾಡದ್ದು ಅಲ್ಲಿ ಮಾಡಿತು. ನೀತಿಯ ಬಗ್ಗೆ ಚೆನ್ನಾಗಿ ಉತ್ತರ ಹೇಳುವುದಕ್ಕೂ ಮೋಸ ಮಾಡದೆ ಇರುವುದಕ್ಕೂ ಹೆಚ್ಚಿನ ನಂಟು ಕಾಣಲಿಲ್ಲ. ಪ್ರಾಮಾಣಿಕ ಮಗು, ಕಳ್ಳ ಮಗು ಅಂತ ಎರಡು ಪಂಗಡ ಸಿಗಲೇ ಇಲ್ಲ. ಇಪ್ಪತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಓಡಾಡಿದ ಯಾವ ಮೇಷ್ಟ್ರಿಗೂ ಇದು ಆಶ್ಚರ್ಯವಲ್ಲ.

ಯಾರ ಮೌಲ್ಯ ಅನ್ನುವ ಜಗಳ ಬೇರೆಯೇ ಇದೆ. ಸಿಂಗಪುರ 1984ರಲ್ಲಿ ಧರ್ಮಜ್ಞಾನವನ್ನು ಹೈಸ್ಕೂಲಿಗೆ ಕಡ್ಡಾಯ ಮಾಡಿತು. ಬೌದ್ಧ, ಕ್ರೈಸ್ತ, ಇಸ್ಲಾಂ, ಹಿಂದೂ, ಸಿಖ್, ಕನ್‌ಫ್ಯೂಷಿಯಸ್ ನೀತಿ, ಬೇಕಾದ್ದು ಆರಿಸಿಕೊಳ್ಳಬಹುದಿತ್ತು. ನೀತಿ ಬೆಳೆಯುವ ಬದಲು ಧರ್ಮಗಳ ನಡುವಿನ ಅಂತರ ಬೆಳೆಯುತ್ತಿದೆ ಅನ್ನಿಸಿ, 1990ರ ಹೊತ್ತಿಗೆ ಕಡ್ಡಾಯವನ್ನು ಕೈಬಿಟ್ಟರು. ಫ್ರಾನ್ಸ್ 1882ರಲ್ಲೇ ಧರ್ಮಬೋಧೆಯನ್ನು ಶಾಲೆಯಿಂದ ತೆಗೆದು ಅಲ್ಲಿ ನೀತಿ ಮತ್ತು ನಾಗರಿಕ ಪಾಠ ಇಟ್ಟಿತು. ಮಂತ್ರಿ ಜೂಲ್ ಫೆರಿ ಮುಂದಿನ ವರ್ಷ ಶಿಕ್ಷಕರಿಗೆ ಬರೆದ ಪತ್ರದಲ್ಲಿ ಒಂದು ಅಳತೆಗೋಲು ಕೊಟ್ಟಿದ್ದರು: ನೀವು ಹೇಳಲು ಹೊರಟ ಮಾತನ್ನು, ತರಗತಿಯಲ್ಲಿ ಕೂತಿರುವ ಒಬ್ಬನೇ ಒಬ್ಬ ತಂದೆಯಾದರೂ ಮನಸಾರೆ ಒಪ್ಪಲಾರ ಅನ್ನಿಸಿದರೆ, ಹೇಳಬೇಡಿ. ಚೆನ್ನಾಗಿದೆ. ಆದರೆ ಆ ಒಂಬತ್ತನೇ ತರಗತಿಯ ಹುಡುಗಿಯ ತಂದೆ ಕೂತಿದ್ದರೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತಾ? ಅಲ್ಲಿ ನನಗೆ ಫೆರಿಗಿಂತ ಬಾಲ್ಯವಿವಾಹ ತಡೆ ಕಾಯ್ದೆಯೇ ಆಸರೆ.

ಮತ್ತೆ ಪೊರಕೆಗೆ ಬರುತ್ತೇನೆ. ತೊಕ್ಕಾತ್ಸುವನ್ನು ಈಜಿಪ್ಟ್ ತನ್ನ ಶಾಲೆಗಳಿಗೆ ತಂದುಕೊಂಡಿದೆ, 2016ರಲ್ಲಿ ಜಪಾನಿನ ಜೊತೆ ಒಪ್ಪಂದ ಮಾಡಿಕೊಂಡು. ಅಲ್ಲೂ ಮೊದಮೊದಲು ಕೆಲವು ಅಪ್ಪ ಅಮ್ಮಂದಿರು, ಗುಡಿಸುವುದು ನಮ್ಮ ಮಕ್ಕಳ ಕೆಲಸವಾ ಅಂತ ತಕರಾರು ತೆಗೆದರು. ನಮ್ಮಲ್ಲಿ ಆ ತಕರಾರಿನ ಬೇರು ಇನ್ನೂ ಆಳ. ಇಲ್ಲಿ ಪೊರಕೆಗೆ ಜಾತಿ ಇದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿದ್ದೀರಿ. ಇಳಿದ ಮಕ್ಕಳು ಯಾರು ಅಂತಲೂ ಓದಿದ್ದೀರಿ. ಜಪಾನಿನ ವಿಡಿಯೊ ನೋಡಿ ಬಂದ ಉತ್ಸಾಹದಲ್ಲಿ 'ನಾಳೆಯಿಂದ ಮಕ್ಕಳೇ ಸ್ವಚ್ಛ ಮಾಡಲಿ' ಅಂದರೆ, ಪೊರಕೆ ತಾನಾಗಿ ಹೋಗಿ ಸೇರುವ ಕೈಗಳು ಮೊದಲೇ ಗೊತ್ತಿವೆ.

ಹಾಗಾಗಿ ಈಗ ತರಬೇತಿಯಲ್ಲಿ ಒಂದೇ ಕೆಲಸ ಕೊಡುತ್ತೇನೆ. ನಿಮ್ಮ ಶಾಲೆಯಲ್ಲಿ ಹೋದ ವಾರ ಯಾರು ಗುಡಿಸಿದರು, ಯಾರು ನೀರು ತಂದರು, ಯಾರು ಮೇಷ್ಟ್ರ ಟೀ ಲೋಟ ತೊಳೆದರು, ಅತಿಥಿಗೆ ಹೂ ಕೊಡಲು ಯಾರನ್ನು ನಿಲ್ಲಿಸಿದಿರಿ, ಹೆಸರು ಬರೆಯಿರಿ. ಬರೆದ ಹಾಳೆಯನ್ನು ಯಾರೂ ನನಗೆ ಕೊಡಬೇಕಿಲ್ಲ. ಬರೆಯುವಾಗಲೇ ಕೆಲವರ ಪೆನ್ನು ನಿಲ್ಲುತ್ತದೆ.

ಆ ಹೊಸ ಟೀಚರ್ ಇದ್ದಾಳಲ್ಲ, ಅವಳ ಶಾಲೆಗೆ ಮೊನ್ನೆ ಹೋಗಿದ್ದೆ. ನಾಲ್ವರು ಶಿಕ್ಷಕರ ಸಣ್ಣ ಶಾಲೆ. ಹೆಡ್‌ಮೇಡಂ ಒಪ್ಪಿ ಚೀಟಿ ಎತ್ತುವ ಪದ್ಧತಿ ಶುರುಮಾಡಿದ್ದಾರೆ. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಚೀಟಿಗಳು: ತರಗತಿ, ಜಗಲಿ, ಅಂಗಳ, ಗಿಡ, ಕೈತೊಳೆಯುವ ಜಾಗ. ಶೌಚಾಲಯದ ಚೀಟಿ ಇಲ್ಲ. "ಅದಕ್ಕೆ ಸಂಬಳ, ಕೈಗವಸು ಕೊಟ್ಟು ಜನ ಇಡಬೇಕು, ಅದು ಮಕ್ಕಳ ಕೆಲಸ ಅಲ್ಲ" ಅಂದರು ಹೆಡ್‌ಮೇಡಂ. ಶಿಕ್ಷಕರೂ ಚೀಟಿ ಎತ್ತಬೇಕು. ಮೊದಲ ವಾರ ಹುಡುಗರು ಪೊರಕೆಯಲ್ಲಿ ಕತ್ತಿವರಸೆ ಆಡಿ ಎರಡು ಮುರಿದರು. ಎರಡನೇ ವಾರ ಒಬ್ಬ ಹುಡುಗನ ಅಜ್ಜಿ ಶಾಲೆಗೇ ಬಂದರು, "ನನ್ ಮೊಮ್ಮಗನ್ ಕೈಲಿ ಪೊರಕೆ ಹಿಡಿಸ್ತೀಯೇನವ್ವ?" ಅಂತ. ಹೆಡ್‌ಮೇಡಂ ಆಗ ಅಂಗಳ ಗುಡಿಸುತ್ತಿದ್ದರು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಮೂಲೆಯಲ್ಲಿ ಕಸ ಬಿಟ್ಟಿದ್ದೀಯ ಅಂತ ಬೈದು ಹೋದರಂತೆ.

ನನ್ನ ಮುಂದೂ ಬಾಟಲಿ ಹಿಡಿದರು. ಬಂದ ಅತಿಥಿಗೂ ವಿನಾಯಿತಿ ಇಲ್ಲವಂತೆ. ನನಗೆ ಬಂದದ್ದು ಕೈತೊಳೆಯುವ ಜಾಗ. ಬಿಸಿಯೂಟ ಆಗಿತ್ತು, ಮೋರಿಯಲ್ಲಿ ಅನ್ನ ಸಾರು ಕಟ್ಟಿಕೊಂಡಿತ್ತು. ಸೆರಗು ಸಿಕ್ಕಿಸಿಕೊಂಡು ಚೊಂಬಿನಲ್ಲಿ ನೀರು ಹೊಯ್ಯಲು ಹೋದೆ. ಜೊತೆಗಿದ್ದ ನಾಲ್ಕನೇ ತರಗತಿಯ ಹುಡುಗ ನನ್ನ ಕೈ ತಡೆದ.

"ಹಂಗಲ್ಲ ಮಿಸ್. ಮೊದ್ಲು ಅನ್ನ ಎತ್ಬೇಕು. ನೀರು ಆಮೇಲೆ."