ಕೊಕೇನ್ ನಾರ್ಕೋಟಿಕ್ ಹೌದಾ, ಅಲ್ವಾ?

ಪ್ರಶ್ನೆ: ಕೊಕೇನ್, ಗಾಂಜಾ, ಎಲ್‌ಎಸ್‌ಡಿ ಎಲ್ಲವೂ ನಾರ್ಕೋಟಿಕ್ಸ್ ತಾನೇ? ಮತ್ತೆ ಬೇರೆ ಬೇರೆ ಹೆಸರು ಯಾಕೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಚಿಕ್ಕ ಉತ್ತರ: ಅಲ್ಲ. ಆದರೆ ಹಾಗೆಂದ ಕೂಡಲೇ "ಕಾನೂನಿನಲ್ಲಿ ಹಾಗೇ ಇದೆಯಲ್ಲ ಸರ್" ಅಂತ ಇನ್ನೊಂದು ಬರುತ್ತದೆ. ಅದಕ್ಕೇ ಈ ಸಲ ಬುಡದಿಂದ ಶುರು ಮಾಡುತ್ತೇನೆ.

ನಾರ್ಕೋಟಿಕ್ ಪದ ಹುಟ್ಟಿದ್ದು ಗ್ರೀಕಿನ 'ನಾರ್ಕೆ'ಯಿಂದ. ಅರ್ಥ ಜೋಮು, ಮರಗಟ್ಟುವುದು. ಪೇಪರಿನಲ್ಲಿ 'ಮಂಪರು ಪರೀಕ್ಷೆ' ಅಂತ ಓದಿರುತ್ತೀರಲ್ಲ, ಅದೇ ನಾರ್ಕೋ ಅನಾಲಿಸಿಸ್. ಆ ಕನ್ನಡ ಪದ ಕಟ್ಟಿದವರಿಗೆ ನನ್ನದೊಂದು ನಮಸ್ಕಾರ. ನಾರ್ಕೋ ಅಂದರೆ ಮಂಪರು, ಅಷ್ಟೇ. ವೈದ್ಯರು ನಾರ್ಕೋಟಿಕ್ ಅಂದರೆ ಸಾಮಾನ್ಯವಾಗಿ ಅಫೀಮಿನ ಬಳಗ: ಮಾರ್ಫಿನ್, ಕೊಡೀನ್, ಹೆರಾಯಿನ್, ಜೊತೆಗೆ ಲ್ಯಾಬಿನಲ್ಲೇ ತಯಾರಾಗುವ ಫೆಂಟನಿಲ್. ನೋವು ತಗ್ಗುತ್ತದೆ, ಮಂಪರು ಕವಿಯುತ್ತದೆ, ಉಸಿರು ನಿಧಾನವಾಗುತ್ತದೆ. ಈಚೆಗೆ ಅವರೂ ಗೊಂದಲ ಬೇಡವೆಂದು 'ಒಪಿಯಾಯ್ಡ್' ಅನ್ನುವುದೇ ಜಾಸ್ತಿ.

ಈಗ ಕೊಕೇನ್ ತೆಗೆದುಕೊಂಡವನನ್ನು ನೋಡಿ. ಮಂಪರು ಎಲ್ಲಿ ಬಂತು? ಎದೆ ಡವಡವ, ಬಿಪಿ ಮೇಲೆ, ನಿದ್ದೆ ಹತ್ತಿರ ಸುಳಿಯದು. ನರಕೋಶಗಳು ಡೋಪಮಿನ್ ಎಂಬ ಸಂದೇಶ ಒಯ್ಯುವ ರಸಾಯನವನ್ನು ಹೊರಗೆ ಬಿಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಎಳೆದುಕೊಳ್ಳುತ್ತವೆ. ಕೊಕೇನ್ ಆ ವಾಪಸ್ ದಾರಿಗೆ ಅಡ್ಡ ನಿಲ್ಲುತ್ತದೆ. ಡೋಪಮಿನ್ ಹೊರಗೇ ಉಳಿದು ಮಿದುಳನ್ನು ಕೆರಳಿಸುತ್ತಲೇ ಇರುತ್ತದೆ. ಇದು ಉತ್ತೇಜಕ, ಅಂದರೆ ಸ್ಟಿಮ್ಯುಲಂಟ್. ಆಂಫೆಟಮಿನ್, ನಿಕೋಟಿನ್, ನೀವು ಈಗ ಕುಡಿಯುತ್ತಿರಬಹುದಾದ ಕಾಫಿಯ ಕೆಫೀನ್, ಎಲ್ಲ ಅದೇ ಸಾಲಿನವು.

ಇಲ್ಲಿ ಒಬ್ಬ ಜಾಣ ಓದುಗರು ನನ್ನನ್ನು ಹಿಡಿದುಹಾಕಿದ್ದರು. "ಕೊಕೇನ್ ಹಚ್ಚಿದ ಜಾಗ ಮರಗಟ್ಟುತ್ತದಲ್ಲ? ಹಾಗಾದರೆ ಅದೂ ನಾರ್ಕೆಯೇ ಅಲ್ವಾ?" ಒಳ್ಳೆಯ ಪ್ರಶ್ನೆ, ಖುಷಿಯಾಯಿತು. ನಿಜ, 1884ರಲ್ಲಿ ಕಾರ್ಲ್ ಕೊಲ್ಲರ್ ಎಂಬ ವೈದ್ಯರು ಕೊಕೇನ್ ಹನಿ ಹಾಕಿದರೆ ಕಣ್ಣಿಗೆ ನೋವೇ ಗೊತ್ತಾಗದು ಅಂತ ತೋರಿಸಿದರು. ಕಣ್ಣಿನ ಆಪರೇಷನ್‌ಗೆ ಅದು ದೊಡ್ಡ ವರವಾಯಿತು. ಆದರೆ ಜೋಮು ಹಿಡಿಯುವುದು ಹಚ್ಚಿದ ಜಾಗದ ನರಕ್ಕೆ. ಅದೇ ಕೊಕೇನ್ ರಕ್ತ ಸೇರಿ ಮಿದುಳಿಗೆ ಹೋದರೆ ಕೆಲಸ ಉಲ್ಟಾ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ನೂ ಜೋಮು ಹಿಡಿಸುತ್ತದೆ, ಅದನ್ನು ಯಾರಾದರೂ ನಾರ್ಕೋಟಿಕ್ ಅನ್ನುತ್ತಾರಾ?

ಇನ್ನು ಕಾನೂನು. 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಆಯಿತು. ಅಫೀಮು, ಕೋಕಾ (ಕೊಕೇನ್ ಸಿಗುವ ಗಿಡ), ಗಾಂಜಾ ಮೂರನ್ನೂ 'ನಾರ್ಕೋಟಿಕ್' ಎಂಬ ಒಂದೇ ಚೀಲಕ್ಕೆ ತುಂಬಿದ್ದು ಅದರಲ್ಲೇ. ಎಲ್‌ಎಸ್‌ಡಿ, ಆಂಫೆಟಮಿನ್ ಮುಂತಾದವು ಬಂದದ್ದು 1971ರ ಇನ್ನೊಂದು ಒಪ್ಪಂದದಲ್ಲಿ, 'ಸೈಕೋಟ್ರಾಪಿಕ್', ಅಂದರೆ ಮನಸ್ಸಿನ ಮೇಲೆ ಕೆಲಸ ಮಾಡುವವು ಎಂಬ ಹೆಸರಿನಲ್ಲಿ. ಅಂದರೆ ಕಾನೂನು ನೋಡಿದರೂ ಎಲ್‌ಎಸ್‌ಡಿ ನಾರ್ಕೋಟಿಕ್ ಅಲ್ಲ! ತಮಾಷೆ ಅಂದರೆ, ಗಾಂಜಾ ಮೊದಲ ಪಟ್ಟಿಯಲ್ಲಿದೆ. ಅದರ ಅಮಲಿಗೆ ಮುಖ್ಯ ಕಾರಣವಾದ ಟಿಎಚ್‌ಸಿ ಎರಡನೆಯದರಲ್ಲಿದೆ. ಗಿಡ ನಾರ್ಕೋಟಿಕ್, ಅದರೊಳಗಿನ ರಸಾಯನ ಸೈಕೋಟ್ರಾಪಿಕ್. ಇದು ಕಡತದ ವಿಂಗಡಣೆ ಸ್ವಾಮಿ, ದೇಹದ್ದಲ್ಲ.

ಹೆಸರಿನಲ್ಲೇನಿದೆ ಬಿಡಿ ಅನ್ನುವವರಿಗೆ ನ್ಯಾಲೊಕ್ಸೋನ್ ಎಂಬ ಔಷಧಿ ತೋರಿಸುತ್ತೇನೆ. ಹೆರಾಯಿನ್ ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರಿಗೆ ಇದನ್ನು ಬೇಗ ಕೊಟ್ಟರೆ ಜೀವ ಉಳಿಯಬಹುದು. ಅದು ಮಿದುಳಿನಲ್ಲಿ ಒಪಿಯಾಯ್ಡ್ ಕೂತ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ. ಕೊಕೇನ್ ಅಲ್ಲಿ ಕೂರುವುದೇ ಇಲ್ಲ, ಹಾಗಾಗಿ ಅದರ ಮೇಲೆ ನ್ಯಾಲೊಕ್ಸೋನ್ ಆಟ ನಡೆಯದು.

ಎಲ್‌ಎಸ್‌ಡಿ ಸೈಕೆಡೆಲಿಕ್ ಗುಂಪಿನದು, ನೋಟ ಕೇಳ್ಮೆಗಳನ್ನೇ ಬದಲಿಸುತ್ತದೆ. ಗಾಂಜಾ ಯಾವ ಗುಂಪಿಗೂ ಸರಿಯಾಗಿ ಹೊಂದದ ಪ್ರಾಣಿ, ಅದಕ್ಕೆ ಬೇರೆಯೇ ಖಾನೆ ಮಾಡಿ ಸುಮ್ನಾಗಿದ್ದಾರೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮದ್ಯ ಎರಡೂ ಒಪ್ಪಂದಗಳಲ್ಲಿಲ್ಲ. ಆದರೆ ವಿಜ್ಞಾನದಲ್ಲಿ ಅದು 'ಡಿಪ್ರೆಸೆಂಟ್'. ಖಿನ್ನತೆ ತರುತ್ತದೆ ಎಂಬುದು ಆ ಪದದ ಅರ್ಥವಲ್ಲ, ನರಮಂಡಲದ ಕೆಲಸ ತಗ್ಗಿಸುತ್ತದೆ ಅಂತ. ಮತ್ತೆ ಕುಡಿದವರು ಕುಣಿಯುವುದು ಯಾಕೆ? ಮೊದಲು ಮಂಕಾಗುವುದು ಮಿದುಳಿನ ಬ್ರೇಕು. ನಾಚಿಕೆ, ಅಳುಕು, ಹಿಂದೆಮುಂದೆ ನೋಡುವ ಬುದ್ಧಿ ಮೊದಲು ಹೋಗುತ್ತದೆ. ಕಾಲು ತಡವರಿಸುವುದು, ನಾಲಿಗೆ ತೊದಲುವುದು ಆಮೇಲೆ. ಇದಕ್ಕೆ ಕಾಫಿ ಕುಡಿಸಿದರೆ ಇಳಿಯುತ್ತಾ ಅಂತ ಕೇಳಬೇಡಿ. ಮದ್ಯ ಕರಗಿಸುವುದು ಲಿವರು, ಅದು ತನ್ನ ವೇಗದಲ್ಲೇ ಕರಗಿಸುತ್ತದೆ. ಕಾಫಿ ಕೊಟ್ಟರೆ ಎಚ್ಚರವಾಗಿರುವ ಕುಡುಕ ಸಿಗುತ್ತಾನೆ, ಅಷ್ಟೇ.