ಕಾಯಿಲೆಯಿಂದ ಏಳುವವರಿಗೆ ಕೊಬ್ಬು: ತೆಂಗಿನೆಣ್ಣೆಯ ಗೊಂದಲ

ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಎ, ಡಿ, ಇ, ಕೆ ವಿಟಮಿನ್‌ಗಳ ಹೀರಿಕೆಗೆ ಕೊಬ್ಬು ಬೇಕು. ಬಾಯಿ ರುಚಿ ಕೆಟ್ಟು ಎರಡೇ ಸೌಟು ಗಂಜಿ ಕುಡಿಯುವವರಿಗೆ 5 ಗ್ರಾಂ ತುಪ್ಪ ಹಾಕಿ, ಹೊಟ್ಟೆಗೆ ಭಾರವಾಗದೆ ಸುಮಾರು 45 ಕಿಲೋಕ್ಯಾಲರಿ ಸೇರಿತು. ಇಷ್ಟು ಸುಲಭ.

ಪರೀಕ್ಷೆಗೆ ಓದುವ ನಮ್ಮ ತಲೆ ತಿನ್ನುವುದು ಕೊಬ್ಬಿನ ಹೀರಿಕೆಯ ದಾರಿ. ಮಾಮೂಲಿ ಕೊಬ್ಬನ್ನು ಪಿತ್ತರಸ ಸಣ್ಣ ಹನಿ ಮಾಡುತ್ತದೆ, ಲೈಪೇಸ್ ಎಂಬ ಕಿಣ್ವ ಕತ್ತರಿಸುತ್ತದೆ. ಆ ತುಂಡುಗಳು ಕರುಳಿನ ಜೀವಕೋಶದೊಳಗೆ ಹೋಗಿ ಮತ್ತೆ ಟ್ರೈಗ್ಲಿಸರೈಡ್, ಅಂದರೆ ಇಡೀ ಕೊಬ್ಬು, ಆಗುತ್ತವೆ. (ಕತ್ತರಿಸಿದ್ದನ್ನು ಪುನಃ ಜೋಡಿಸುವುದು ಯಾಕೆ ಅಂತ ಸಿಟ್ಟೇ ಬರುತ್ತದೆ!) ಆಮೇಲೆ ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣವಾಗಿ ದುಗ್ಧನಾಳ (ಲಿಂಫ್ ಸಾಗುವ ನಾಳ) ಹಿಡಿದು, ಕುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತವೆ. 8 ಮತ್ತು 10 ಕಾರ್ಬನ್‌ನ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳಿಗೆ ಈ ಜೋಡಣೆಯೇ ಇಲ್ಲ. ಪೋರ್ಟಲ್ ಸಿರೆಯಲ್ಲಿ ನೇರ ಯಕೃತ್ತಿಗೆ. ಪಿತ್ತರಸದ ಹಂಗೂ ಕಡಿಮೆ. ಅದಕ್ಕೇ ಪಿತ್ತ ಸರಿಯಾಗಿ ಇಳಿಯದವರಿಗೆ ಎಂಸಿಟಿ (ಮಧ್ಯಮ ಸರಪಳಿ ಕೊಬ್ಬಿನ) ಎಣ್ಣೆ ಕೊಡುವುದು.

ಹಾಗಾದರೆ ನಮ್ಮ ತೆಂಗಿನೆಣ್ಣೆಯೂ ಎಂಸಿಟಿಯೇ ಅಲ್ವಾ? ಪೂರ್ತಿ ಅಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, 12 ಕಾರ್ಬನ್. ಪುಸ್ತಕ ಅದನ್ನು ಮಧ್ಯಮ ಸರಪಳಿಗೇ ಸೇರಿಸುತ್ತದೆ. ಆದರೆ ದೇಹದಲ್ಲಿ ಅದರ ಹೆಚ್ಚಿನ ಪಾಲು ದುಗ್ಧನಾಳದ ದಾರಿಯನ್ನೇ ಹಿಡಿಯುತ್ತದೆ. 8, 10 ಕಾರ್ಬನ್‌ನವು ಎರಡೂ ಸೇರಿ ಶೇ. 15ರ ಆಸುಪಾಸು ಮಾತ್ರ. ನನ್ನ ಲೆಕ್ಕ ಹೀಗೆ: 8, 10 ಬಂದರೆ ಪೋರ್ಟಲ್, 14ರಿಂದ ಮೇಲೆ ದುಗ್ಧನಾಳ, 12 ಬಂದರೆ ಎರಡೂ, ದುಗ್ಧನಾಳಕ್ಕೆ ಜಾಸ್ತಿ. ತೆಂಗಿನ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಸಂಸ್ಥೆ ಇರುವ ಕಾಸರಗೋಡಿನವರು ನಾವು, ತೆಂಗಿನ ಪ್ರಶ್ನೆಯಲ್ಲಿ ಮಾರ್ಕು ಬಿಡಬಾರದು.

ಜಾಂಡೀಸ್ ಅಂದ ಕೂಡಲೇ ಊರಲ್ಲಿ ಎಣ್ಣೆ, ತುಪ್ಪ ಎಲ್ಲ ಬಂದ್. ಹೆಪಟೈಟಿಸ್ ಎ (ವೈರಸ್‌ನಿಂದ ಬರುವ ಯಕೃತ್ತಿನ ಉರಿಯೂತ) ಆದರೆ ವಾಕರಿಕೆ ಇರುವಾಗ ಕಡಿಮೆ ಮಾಡಿದರೆ ಸಾಕು, ತಿಂದದ್ದು ಒಗ್ಗುತ್ತಿದ್ದರೆ ಸುಮ್ನೆ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಪಿತ್ತನಾಳ ಕಟ್ಟಿಕೊಂಡ ಜಾಂಡೀಸ್ ಬೇರೆ ಕಥೆ. ಕೊಬ್ಬು ಹೀರಿಕೆಯಾಗದೆ ಮಲ ಬಿಳಿಚಿ, ಜಿಡ್ಡಾಗುತ್ತದೆ. ಜೊತೆಗೆ ವಿಟಮಿನ್ ಕೆ ಕೂಡ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಪರೀಕ್ಷೆಯಲ್ಲಿ ಈ ಎರಡು ಬಗೆಯ ಜಾಂಡೀಸನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ.

ಇನ್ನು ಒಮೇಗಾ-3 ಎಂಬ ಬಗೆಯ ಕೊಬ್ಬಿನಾಮ್ಲಗಳು. ತೆಂಗಿನೆಣ್ಣೆಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಬೂತಾಯಿ, ಬಂಗುಡೆ ಮೀನಿನಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಒಮೇಗಾ-3 ಇವೆ. ಉರಿಯೂತ ತಗ್ಗಿಸುವ ಪದಾರ್ಥಗಳನ್ನು ದೇಹ ಇವುಗಳಿಂದ ಮಾಡಿಕೊಳ್ಳುತ್ತದೆ. ಮೀನು ತಿನ್ನದವರಿಗೆ ಅಗಸೆ ಬೀಜ, ಆಕ್ರೋಟು. ಆದರೆ ಅವುಗಳಲ್ಲಿರುವ ಎಎಲ್‌ಎ ಎಂಬ ಒಮೇಗಾ-3 ದೇಹದೊಳಗೆ ಇಪಿಎ ಆಗುವುದು ಸ್ವಲ್ಪವೇ, ಡಿಎಚ್‌ಎ ಆಗುವುದು ಅದಕ್ಕಿಂತಲೂ ಕಡಿಮೆ.