ನಿವೃತ್ತಿಯ ಮಾರನೇ ದಿನ ನಾವು ಯಾರು?

‘ನಾನು ಯಾರು?’ ಅಂದರೆ ನಮ್ಮಲ್ಲಿ ಬಹಳ ಜನರಿಗೆ ರಮಣ ಮಹರ್ಷಿಗಳು ನೆನಪಾಗುತ್ತಾರೆ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಮ್ಯಾನ್‌ಫರ್ಡ್ ಕುನ್ ಮತ್ತು ಥಾಮಸ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಅದೇ ಪ್ರಶ್ನೆಯನ್ನು ಒಂದು ಪರೀಕ್ಷೆಯನ್ನಾಗಿ ಮಾಡಿದರು. 20 ಖಾಲಿ ಗೆರೆ, 12 ನಿಮಿಷ, ಗೆರೆಗೊಂದು ಉತ್ತರ. 1954ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ಕ್ರಮ ಎದ್ದು ಕಂಡಿತು. ಜನ ಮೊದಲು ಬರೆಯುವುದು ವಿದ್ಯಾರ್ಥಿ, ಮಗಳು, ಇಂಥ ಧರ್ಮದವನು ಅಂತ. ಅವೆಲ್ಲ ಖಾಲಿಯಾದ ಮೇಲೆ ‘ಖುಷಿಯಾಗಿದ್ದೇನೆ’, ‘ಸ್ವಲ್ಪ ದಪ್ಪ’ ಥರದ ಮಾತುಗಳು ಬರುತ್ತವೆ.

ಕರ್ನಾಟಕದ ಸರ್ಕಾರಿ ನೌಕರರಿಗೆ 60 ತುಂಬಿದಾಗ ಹಾರ, ಶಾಲು, ಎರಡು ಭಾಷಣ. ಅಲ್ಲಿಗೆ ಆ ಮೊದಲ ಗೆರೆ ಅಳಿಸಿಹೋಗುತ್ತದೆ. ಆದರೂ ಲಗ್ನಪತ್ರಿಕೆಯಲ್ಲಿ ‘ನಿವೃತ್ತ ಮುಖ್ಯ ಶಿಕ್ಷಕರು’ ಎಂದು ಅಚ್ಚಾಗುತ್ತದೆ. ಇದನ್ನು ನೋಡಿ ನಗುವವರಿದ್ದಾರೆ. ಆದರೆ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಇಬಾ ನಗುತ್ತಿರಲಿಲ್ಲ ಅನ್ನಿಸುತ್ತದೆ. ಆಕೆ ಒಂದು ಕಾಲಕ್ಕೆ ಕ್ರೈಸ್ತ ಸನ್ಯಾಸಿನಿ, ಆಮೇಲೆ ಮಠ ಬಿಟ್ಟು ಬಂದವರು. ಕೆಲಸ ಬಿಟ್ಟವರು, ವಿಚ್ಛೇದನ ಪಡೆದವರು, ಜೈಲಿನಿಂದ ಬಂದವರು ಹೀಗೆ 185 ಜನರನ್ನು ಮಾತಾಡಿಸಿ ಆಕೆ 1988ರಲ್ಲಿ ಹೇಳಿದ್ದು ಇಷ್ಟು: ‘ಮಾಜಿ’ ಆಗಿರುವುದೇ ಒಂದು ಪಾತ್ರ. ನೀವು ಬಿಟ್ಟರೂ ಸುತ್ತಲಿನವರು ಹಳೆಯ ನಿಮ್ಮನ್ನೇ ನೆನಪಿಟ್ಟುಕೊಂಡು ನಡೆದುಕೊಳ್ಳುತ್ತಾರೆ. ನಮ್ಮ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು.

ಹಾಗಾದರೆ ಕುರ್ಚಿ ಹೋದಾಗ ನಿಜಕ್ಕೂ ಕಳೆದುಹೋಗುವುದು ಏನು? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಇಂಗ್ಲೆಂಡಿನ 424 ನಿವೃತ್ತರ ಆರು ವರ್ಷದ ಮಾಹಿತಿಯನ್ನು ನೋಡಿದರು. ಕ್ಲಬ್ಬು, ಚರ್ಚು, ಸಂಘ ಹೀಗೆ ಎರಡು ಗುಂಪುಗಳಲ್ಲಿದ್ದು, ನಿವೃತ್ತಿಯ ನಂತರವೂ ಎರಡನ್ನೂ ಉಳಿಸಿಕೊಂಡವರು ಆ ಆರು ವರ್ಷದಲ್ಲಿ ಸಾಯುವ ಸಂಭವ ಶೇ. 2. ಒಂದು ಗುಂಪು ಬಿಟ್ಟವರಲ್ಲಿ ಶೇ. 5. ಎರಡನ್ನೂ ಬಿಟ್ಟವರಲ್ಲಿ ಶೇ. 12! ಕಾಯಿಲೆ ಬಿದ್ದವರೇ ಗುಂಪು ಬಿಟ್ಟಿರಬಹುದಲ್ವಾ? ಆ ಅನುಮಾನ ಸಹಜ. ಶುರುವಿನ ಆರೋಗ್ಯ, ವಯಸ್ಸುಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ಅಂಕಿಗಳು ಬಂದಿವೆ. ಆದರೂ ಅನುಮಾನ ಪೂರ್ತಿ ಹೋಗುವಂಥದ್ದಲ್ಲ. ಕುತೂಹಲದ ಮಾತೆಂದರೆ, ಇನ್ನೂ ಕೆಲಸದಲ್ಲಿದ್ದವರಲ್ಲಿ ಇಂಥ ನಂಟು ಕಾಣಲಿಲ್ಲ.

ಮನೆ ನಡೆಸುವ ಹೆಂಗಸರಿಗೆ ಬೀಳ್ಕೊಡುಗೆ ಸಮಾರಂಭವೂ ಇರುವುದಿಲ್ಲ. ಅಡುಗೆಮನೆ ಸೊಸೆಯ ಕೈಗೆ ಹೋಗುತ್ತದೆ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗುತ್ತಾರೆ. ಕೆಲಸ ಯಾವತ್ತು ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಆ ಹೊತ್ತಿಗೆ ಭಜನಾ ಮಂಡಳಿಯೋ ಸ್ತ್ರೀಶಕ್ತಿ ಸಂಘವೋ ಇದ್ದರೆ ಅದನ್ನು ಸುಮ್ನೆ ಕಾಲಹರಣ ಅನ್ನಬಾರದು.

ಪಾತ್ರಗಳ ಜೊತೆ ನೆನಪೂ ಹೋದರೆ? ಇದನ್ನೂ ಪರೀಕ್ಷಿಸಿದ್ದಾರೆ. ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ 2015ರಲ್ಲಿ ಮೂರು ಥರದ ರೋಗಿಗಳ ಮನೆಯವರನ್ನು ಕೇಳಿದರು: ಇವರು ಈಗಲೂ ಅದೇ ಮನುಷ್ಯ ಅನ್ನಿಸುತ್ತದೆಯೇ? ನೆನಪನ್ನು ಕಸಿಯುವ ಆಲ್ಜೈಮರ್, ಕೈಕಾಲಿನ ಬಲ ಕಸಿಯುವ ಎಎಲ್ಎಸ್, ನಡತೆಯನ್ನೇ ಕೆಡಿಸುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ. ‘ಇವರು ಅವರಲ್ಲ’ ಎಂಬ ಭಾವನೆ ಅತಿ ಕಡಿಮೆ ಇದ್ದದ್ದು ಎಎಲ್ಎಸ್ ರೋಗಿಗಳ ಮನೆಯಲ್ಲಿ. ಅತಿ ಹೆಚ್ಚು ಇದ್ದದ್ದು ಮೂರನೆಯ ಕಾಯಿಲೆಯವರ ಮನೆಯಲ್ಲಿ. ನೆನಪು ಎಷ್ಟು ಹೋಗಿದೆ ಎಂಬುದರಿಂದ ಉತ್ತರ ಬದಲಾಗಲಿಲ್ಲ. ಬದಲಾದದ್ದು ಮರುಕ, ಪ್ರಾಮಾಣಿಕತೆಯಂಥ ಗುಣಗಳು ಮಾಯವಾದಾಗ.

ಇಲ್ಲಿ ಉತ್ತರ ಕೊಟ್ಟವರು ರೋಗಿಗಳಲ್ಲ, ಅವರ ಜೊತೆ ಬಾಳುತ್ತಿರುವವರು. ಅದು ಅಧ್ಯಯನದ ಕೊರತೆ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ನಾವು ನಾವಾಗಿಯೇ ಇದ್ದೇವೋ ಇಲ್ಲವೋ ಎಂಬುದು ನಮಗಿಂತ ಜಾಸ್ತಿ ಪಕ್ಕದಲ್ಲಿ ಕೂತು ಊಟ ಮಾಡುವವರಿಗೇ ಗೊತ್ತಿರುತ್ತದೆ.